ಸೊನ್ನೆ ಹಾಕುವ ಹಾಗಿಲ್ಲ

ಮಿಹಿರನ ಮೈಯಲ್ಲಿ ಇನ್ಸುಲಿನ್ ಹುಟ್ಟುತ್ತಿರಲಿಲ್ಲ. ಒಂಬತ್ತನೆಯ ವಯಸ್ಸಿಗೆ ಅದು ನಿಂತುಹೋಗಿತ್ತು. ಈಗ ಅವನಿಗೆ ಹದಿನಾಲ್ಕು. ಊಟಕ್ಕೆ ಮುಂಚೆ ಅಂಗಿ ಎತ್ತಿ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದ. ಎಡತೋಳಿನ ಹಿಂಭಾಗಕ್ಕೆ ನಾಣ್ಯದಗಲದ ಸೆನ್ಸರ್ ಅಂಟಿಸಿಕೊಂಡಿರುತ್ತಿದ್ದ. ಅದು ಮೈಯೊಳಗಿನ ಸಕ್ಕರೆ ಅಳೆದು ಫೋನಿಗೆ ಕಳಿಸುತ್ತಿತ್ತು. ಸಕ್ಕರೆ ತೀರ ಇಳಿದರೆ ಫೋನು ಕೂಗುತ್ತಿತ್ತು. ಆ ಕೂಗು ಕೇಳಿದರೆ ಮನೆಯಲ್ಲಿ ಯಾರು ಹತ್ತಿರವಿದ್ದರೋ ಅವರು ಗ್ಲೂಕೋಸ್ ಡಬ್ಬಿ ಹಿಡಿದು ಓಡುತ್ತಿದ್ದರು.

ಸೆಪ್ಟೆಂಬರಿನಲ್ಲಿ ಆ ಫೋನು ಕೆಟ್ಟಿತು. ಅದು ತಾಯಿ ಅನಸೂಯಳ ಹಳೆಯ ಫೋನು. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಬಿರಿದುಕೊಂಡಿತ್ತು. ಅಕ್ಕ ಅಪೂರ್ವಳ ಫೋನೂ ಅಷ್ಟರಲ್ಲೇ ಇತ್ತು. ಅವಳು ಜಾದವ್‌ಪುರದಲ್ಲಿ ಓದುತ್ತಿದ್ದಳು, ರಜೆಯ ದಿನ ಮದುವೆ ಮನೆಗಳಲ್ಲಿ ಸಣ್ಣ ವಿಡಿಯೊ ತೆಗೆದು ಕೈಖರ್ಚಿಗೆ ಗಳಿಸುತ್ತಿದ್ದಳು. ದುರ್ಗಾ ಪೂಜೆಗೆ ಡನ್‌ಲಪ್ ಮೋಡು ಎಂಬ ಕೂಡುರಸ್ತೆಯ ಅಂಗಡಿಯಲ್ಲಿ ಒಂದು ಕೊಡುಗೆ ಹಾಕಿದ್ದರು. ಒಂದೇ ಮಾದರಿಯ ಎರಡು ಫೋನು ಕೊಂಡರೆ ಎರಡನೆಯದು ಅರ್ಧ ಬೆಲೆಗೆ. ಹಾಗಾಗಿ ಮಕ್ಕಳಿಬ್ಬರಿಗೂ ಒಂದೇ ತರಹದ್ದು ಎಂದಾಯಿತು. ಯಾವುದು ಎನ್ನುವುದು ಆಗಲಿಲ್ಲ.

ಕೊನೆಗೆ ಉಳಿದದ್ದು ಎರಡು. ಒಂದು ಕಪ್ಪು, ಒಂದು ನೀಲಿ. ಕಂಪನಿಯ ಹೆಸರು ಅಜ್ಜಿಯ ನಾಲಿಗೆಗೆ ಹೊರಳದೆ ಮನೆಯಲ್ಲಿ ಅವು ಕರಿ ಫೋನು, ನೀಲಿ ಫೋನು ಎಂದೇ ಆದವು. ಕರಿದು ದಪ್ಪ, ಕ್ಯಾಮೆರಾ ಸಾಧಾರಣ. ಆದರೆ ಸೆನ್ಸರಿನ ಕಂಪನಿಯವರು ತಮ್ಮ ಆ್ಯಪ್ ಯಾವ ಯಾವ ಫೋನಿನಲ್ಲಿ ಸರಿಯಾಗಿ ನಡೆಯುತ್ತದೆಂದು ಪರೀಕ್ಷಿಸಿ ಹೇಳಿದ್ದರೋ ಅದರಲ್ಲಿ ಕರಿದು ಇತ್ತು. ನೀಲಿದು ಇರಲಿಲ್ಲ. ನೀಲಿದರ ಕ್ಯಾಮೆರಾ ಕತ್ತಲಲ್ಲೂ ಮುಖ ಹಿಡಿಯುತ್ತಿತ್ತು.

ಇಂಥ ವಿಷಯಕ್ಕೆಲ್ಲ ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ತಂದೆ ಶಂಕರಲಿಂಗ ಬಾರಾನಗರದ ಸಂಶೋಧನಾ ಸಂಸ್ಥೆಯಲ್ಲಿ ಸಂಖ್ಯಾಶಾಸ್ತ್ರದವನು. ಫ್ಯಾನು, ಫ್ರಿಜ್ಜು, ಅಪೂರ್ವಳ ಕಾಲೇಜು, ಎಲ್ಲವನ್ನೂ ಅಂಕ ಹಾಕಿಸಿಯೇ ಆರಿಸಿದ್ದ. ಭಾನುವಾರ ನಾಷ್ಟಾ ಹೊತ್ತಿಗೆ ಗೋಡೆಯ ಬಿಳಿ ಹಲಗೆಯ ಮೇಲೆ ಸಾಲು ಎಳೆಯುತ್ತಿದ್ದ. ಐದು ಜನ, ಒಂದರಿಂದ ಹತ್ತರವರೆಗೆ ಅಂಕ. ಯಾರ ಮಾತಿಗೂ ಹೆಚ್ಚು ತೂಕವಿಲ್ಲ, ತನ್ನದಕ್ಕೂ ಇಲ್ಲ. ಸೊನ್ನೆ ಹಾಕುವ ಹಾಗಿಲ್ಲ. ಸೊನ್ನೆ ಎಂದರೆ ಬೇಡವೇ ಬೇಡ ಎಂದಂತೆ, ಆಗ ಒಬ್ಬರ ಹಟಕ್ಕೆ ನಾಲ್ವರು ಕಟ್ಟುಬೀಳುತ್ತಾರೆ ಎನ್ನುವುದು ಅವನ ವಾದ. ತನ್ನ ಅಪ್ಪ ನವಲಗುಂದದಲ್ಲಿ ಬಾಯಿ ತೆರೆದರೆ ಮನೆಯೇ ನಡುಗುತ್ತಿತ್ತು, ನಮ್ಮಲ್ಲಿ ಹಾಗಿಲ್ಲ ಎಂದು ಸಹೋದ್ಯೋಗಿಗಳಿಗೆ ಹೇಳಿಕೊಳ್ಳುತ್ತಿದ್ದ.

ಆ ಭಾನುವಾರ ಉಪ್ಪಿಟ್ಟು. ಶಂಕರಲಿಂಗ ಹಲಗೆಯ ಮೇಲೆ ಬರೆದ: ಕ್ಯಾಮೆರಾ, ಬ್ಯಾಟರಿ, ವೇಗ, ಬಾಳಿಕೆ, ಸೆನ್ಸರ್.

"ಸೆನ್ಸರ್ ಐದನೇದಾ?" ಅನಸೂಯ ಸವಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದಳು. "ಅದನ್ನ ಸಾಲಿನಾಗ ಯಾಕ ಹಾಕೀರಿ?"

"ಮತ್ತೆಲ್ಲಿ ಹಾಕ್ಲಿ?"

"ಎಲ್ಲೂ ಹಾಕಬ್ಯಾಡ್ರಿ. ಅದು ಅಂಕ ಹಾಕೂ ವಿಷಯ ಅಲ್ಲ. ಆ್ಯಪ್ ಖಾತ್ರಿ ನಡಿಯೂ ಫೋನು ಒಂದೇ ಐತಿ, ಅದನ್ನ ತರೂದು. ಮುಗೀತು."

"ನೀಲಿದರಾಗೂ ನಡೀತೈತಿ. ಅಂಗಡ್ಯಾಗ ಹಾಕಿ ತೋರಿಸಿದ್ರಲ್ಲ."

"ಅಂಗಡಿಯಾವ ಇವನ ಮೈ ಕಾಯಾಕ ಬರ್ತಾನೇನು?"

"ಅನಸೂಯಾ, ನಿಂಗ ಸೆನ್ಸರ್ ಮುಖ್ಯ ಆದ್ರ ಕರಿದಕ್ಕ ಹತ್ತು ಹಾಕು, ನೀಲಿದಕ್ಕ ಒಂದು ಹಾಕು. ನಿನ್ನ ಮಾತು ಲೆಕ್ಕಕ್ಕ ಬರ್ತೈತಿ. ಬರೂದಿಲ್ಲ ಅಂತ ಯಾರಂದ್ರು?"

ಅಪೂರ್ವ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು. "ಅಮ್ಮಾ, ಕರಿ ಫೋನಲ್ಲಿ ರಾತ್ರಿ ಪ್ಯಾಂಡಲ್ ಶೂಟ್ ಮಾಡಿದ್ರೆ ಠಾಕುರ್ ಮೂರ್ತಿ ಮುಖಾನೇ ಕಾಣಲ್ಲ. ನನಗೆ ಯಾರೂ ಕೆಲಸ ಕೊಡಲ್ಲ."

"ನಿನ್ನ ಕೆಲಸ ದೊಡ್ಡದೋ ತಮ್ಮ ದೊಡ್ಡಾವನೋ?"

"ಅರೆ, ನಾನು ಹಾಗೆಲ್ಲಿ ಹೇಳಿದೆ? ಅವನನ್ನೇ ಕೇಳು ನಾ. ಅವನ ಫೋನ್ ಅದು."

ಎಲ್ಲರೂ ಮಿಹಿರನ ಕಡೆ ನೋಡಿದರು. ಅವನು ಉಪ್ಪಿಟ್ಟಿನೊಳಗಿನ ಮೆಣಸಿನಕಾಯಿ ಆರಿಸಿ ತಟ್ಟೆಯಂಚಿಗೆ ಇಡುತ್ತಿದ್ದ.

"ನೀಲಿ," ಎಂದ.

"ಯಾಕೋ?"

"ಕರಿದು ಪೇಷಂಟ್ ಫೋನ್. ಸ್ಕೂಲಲ್ಲಿ ಒಬ್ಬರ ಹತ್ರಾನೂ ಇಲ್ಲ. ಎಲ್ಲಾ ನನಗೆ ಶುಗರ್ ಅಂತ ಮೊದಲೇ ಕರೀತಾರೆ. ಇನ್ನು ಫೋನ್ ಕೂಡಾ ಡಾಕ್ಟರ್ ಹೇಳಿದ್ದೇ ಬೇಕಾ?" ಎದ್ದುಹೋಗಿ ಮಾರ್ಕರ್ ತೆಗೆದುಕೊಂಡ. ಕರಿ ಫೋನಿನ ಕೆಳಗೆ ಐದೂ ಸಾಲಿಗೆ ಸೊನ್ನೆ ಬರೆದ.

"ಸೊನ್ನೆ ಹಾಕೂ ಹಾಗಿಲ್ಲ," ಶಂಕರಲಿಂಗ ಹೇಳಿದ. ಮಿಹಿರ್ ಸೊನ್ನೆ ಅಳಿಸಿ ಐದೂ ಕಡೆ ಒಂದೊಂದು ಬರೆದ, ನೀಲಿದಕ್ಕೆ ಐದೂ ಕಡೆ ಹತ್ತು.

ಶಂಕರಲಿಂಗನ ತಾಯಿ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದಳು. ಅವಳಿಗೆ ಎಪ್ಪತ್ತಾರು. ಗಂಡ ತೀರಿದ ಮೇಲೆ ಮಗನ ಜೊತೆ ಬಂದವಳು. ಇಲ್ಲಿಯ ಬೀದಿಯ ಬಂಗಾಳಿ ಅರ್ಧ ತಿಳಿಯುತ್ತಿತ್ತು, ಅಂಗಡಿಯವನ ಬೆಲೆ ಪೂರ್ತಿ ತಿಳಿಯುತ್ತಿತ್ತು.

"ಅವ್ವಾ, ನಿಂದು?"

"ಎರಡಕ್ಕೂ ಹತ್ತು ಹಾಕೋ ಯಪ್ಪಾ. ಯಾಕ ಒಂದಕ್ಕ ಬೇಜಾರು ಮಾಡಬೇಕು?"

"ಫೋನಿಗೆ ಬೇಜಾರಾಗೂದಿಲ್ಲ ಅಜ್ಜಿ," ಅಪೂರ್ವ ನಕ್ಕಳು.

"ಫೋನಿಗಲ್ಲ ಹುಡುಗಿ. ನಿಮ್ಮ ಅಮ್ಮಗ ಒಂದ್ಕಡೆ, ನಿನಗ ಒಂದ್ಕಡೆ. ನಾ ಎರಡೂ ಕಡೆ ರೊಟ್ಟಿ ತಿನ್ನಾಕಿ."

ಅನಸೂಯ ಐದೂ ಸಾಲಿನಲ್ಲಿ ಕರಿ ಫೋನಿಗೆ ಹತ್ತು, ನೀಲಿದಕ್ಕೆ ಒಂದು ಹಾಕಿದಳು. ಅಪೂರ್ವ ತಾಯಿಯನ್ನು ನೋಡದೆ ನೀಲಿದಕ್ಕೆ ಒಂಬತ್ತು ಹಾಕಿದಳು. ಸೆನ್ಸರ್ ಸಾಲಿನಲ್ಲಿ ಮಾತ್ರ ಕರಿದಕ್ಕೆ ಹತ್ತು ಕೊಟ್ಟಳು. ಶಂಕರಲಿಂಗ ಎರಡನ್ನೂ ತೂಗಿ ನೋಡಿದವನ ಹಾಗೆ ಏಳು, ಎಂಟು ಹಾಕಿ ಕೂಡಿಸಿದ. ನೀಲಿ ಗೆದ್ದಿತು. ಅಂತರ ಹೆಚ್ಚಿರಲಿಲ್ಲ.

ಅನಸೂಯ ಸವಟನ್ನು ಸಿಂಕಿಗೆ ಎಸೆದಳು. ಅದು ಗ್ಲಾಸಿಗೆ ತಗಲಿ ಗ್ಲಾಸು ಒಡೆಯಿತು.

ದುರ್ಗಾ ಪೂಜೆಯ ಷಷ್ಠಿಯ ದಿನ ಎರಡು ನೀಲಿ ಫೋನು ಮನೆಗೆ ಬಂದವು. ಅಪೂರ್ವ ತಮ್ಮನ ಫೋನಿಗೆ ಆ್ಯಪ್ ಹಾಕಿಕೊಟ್ಟಳು. ನವಮಿಯ ಬೆಳಿಗ್ಗೆ ಮಿಹಿರನ ಸಕ್ಕರೆ ಇಳಿದಾಗ ಫೋನು ಸರಿಯಾಗಿ ಕೂಗಿತು. ಓಣಿಯ ಪ್ಯಾಂಡಲಿನಲ್ಲಿ ಢಾಕ್ ಡೋಲು ಬಡಿಯುತ್ತಿದ್ದರೂ ಅದು ಅಡುಗೆಮನೆಗೆ ಕೇಳಿಸಿತು.

"ಕೇಳಿಸ್ತಾ?" ಶಂಕರಲಿಂಗ ಹೆಂಡತಿಯನ್ನು ಕೇಳಿದ.

"ಕೇಳಿಸ್ತು. ಗ್ಲೂಕೋಸ್ ಕೊಟ್ಟು ಬರ್ತೀನಿ, ಸರೀರಿ."

ದಸರೆಯ ನಂತರದ ಹುಣ್ಣಿಮೆಗೆ ಬರುವ ಲಕ್ಷ್ಮೀ ಪೂಜೆಯ ಮರುದಿನ ಅನಸೂಯ ಮಗನ ಫೋನು ತೆಗೆದು ನೋಡಿದಳು. ದಿನಾ ಸಂಜೆ ನೋಡುತ್ತಿದ್ದಳು. ಸಕ್ಕರೆಯ ಏರಿಳಿತ ತೋರಿಸುವ ಗೆರೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಇರಲೇ ಇಲ್ಲ. ಹಾವನ್ನು ನಡುವೆ ಕತ್ತರಿಸಿದ ಹಾಗಿತ್ತು.

"ಇದೇನೋ?"

"ಬಂದ್ ಆಗಿತ್ತು. ಆಮೇಲೆ ನಾನೇ ಓಪನ್ ಮಾಡಿದೆ."

"ತಾನಾಗೇ ಬಂದ್ ಆತಾ?"

"ಹಾಂ. ಬ್ಯಾಟರಿ ಉಳಿಸೋಕೆ ಕೆಲವು ಆ್ಯಪ್ ಅದೇ ಬಂದ್ ಮಾಡತ್ತೆ. ಧುರ್ ಅಮ್ಮಾ, ಎರಡು ಗಂಟೆ ಅಷ್ಟೇ."

ಅಪೂರ್ವ ಬಂದು ಸೆಟ್ಟಿಂಗ್ ಬದಲಿಸಿದಳು. ಈ ಆ್ಯಪನ್ನು ಮುಚ್ಚಬೇಡ ಎಂದು ಫೋನಿಗೆ ಹೇಳುವ ಒಂದು ಗುಂಡಿ ನಾಲ್ಕು ಪುಟದ ಒಳಗಿತ್ತು. ಅದಾದ ಮೇಲೆ ಗೆರೆ ಸರಿಯಾಗಿ ಬಂತು. ದೀಪಾವಳಿಯ ಕಾಳಿ ಪೂಜೆಯ ಹೊತ್ತಿಗೆ ಮತ್ತೆ ಒಮ್ಮೆ ಮುರಿಯಿತು. ಈ ಸಲ ಮುಕ್ಕಾಲು ಗಂಟೆ.

ರಾತ್ರಿ ಊಟಕ್ಕೆ ಕೂತಾಗ ಅನಸೂಯ ಅನ್ನದ ಪಾತ್ರೆ ತನ್ನ ಹತ್ತಿರವೇ ಇಟ್ಟುಕೊಂಡಳು. ಯಾರಿಗೂ ಬಡಿಸಲಿಲ್ಲ.

"ಕರಿ ಫೋನು ತರ್ರಿ. ನಾಳೆ. ಇವನಿಗೊಂದು."

"ಎರಡು ಸಲ ಆಗೇತಿ," ಶಂಕರಲಿಂಗ ಹೇಳಿದ. "ಒಂದಕ್ಕ ಕಾರಣ ಗೊತ್ತೈತಿ, ಸರಿ ಮಾಡೇವಿ. ಒಂದೇ ಒಂದು ಸಲದ ಮ್ಯಾಲ ಫೋನೇ ಕೆಟ್ಟದ್ದು ಅಂತ ತೀರ್ಮಾನಕ್ಕ ಬರಾಕ ಬರೂದಿಲ್ಲ. ಇನ್ನೊಂದು ತಿಂಗಳು ನೋಡೂಣು."

"ನೋಡೂದು ಅಂದ್ರೇನ್ರೀ? ಇನ್ನೆಷ್ಟು ಸಲ ಮುರೀಬೇಕು ನಿಮಗ?"

"ನಾ ಹಂಗ ಹೇಳಲಿಲ್ಲ."

"ಹಂಗೇ ಹೇಳಿದ್ರಿ. ಇವ ನಿಮ್ಮ ಸ್ಯಾಂಪಲ್ಲೇನು?"

"ದನಿ ತಗ್ಗಿಸು. ಪಕ್ಕದ ಮನಿ ಕಾಕು ಕೇಳಿಸ್ಕೋತಾರ."

"ಕೇಳಿಸ್ಕೊಳ್ಳಿ. ಅವರಿಗೆಲ್ಲಿ ಕನ್ನಡ ಬರ್ತೈತಿ? ನಿಮಗ ಬಂದೂ ತಿಳೀವಲ್ದು."

ಮಿಹಿರ್ ತಟ್ಟೆ ದೂಡಿದ. "ನನಗೆ ಕರಿದು ಬೇಡ. ತಂದ್ರೆ ಬಳಸಲ್ಲ. ಬೆರಳು ಚುಚ್ಚಿ ನೋಡ್ಕೋತೀನಿ. ಬಸ್ ಕರೋ ನಾ ಎಲ್ಲಾರೂ."

"ನೀ ಚುಚ್ಚಿಕೊಂಡಿದ್ದು ನಾ ನೋಡೇನಿ," ಅನಸೂಯ ಎಂದಳು. "ವಾರಕ್ಕೊಮ್ಮೆ."

"ಅನ್ನ ಹಾಕ, ಕೂಸು ಇಂಜೆಕ್ಷನ್ ತಗೊಂಡು ಕೂತದ," ಅಜ್ಜಿ ಹೇಳಿದಳು. ಚುಚ್ಚಿಕೊಂಡ ಮೇಲೆ ಉಣ್ಣದಿದ್ದರೆ ಸಕ್ಕರೆ ಇಳಿಯುತ್ತದೆಂದು ಆಗ ಎಲ್ಲರಿಗೂ ನೆನಪಾಯಿತು. ಅನಸೂಯ ಬಡಿಸಿದಳು. ಅವಸರಕ್ಕೆ ಸಾರು ಮೇಜಿನ ಮೇಲೆ ಚೆಲ್ಲಿತು. ಒರೆಸಲು ಯಾರೂ ಏಳಲಿಲ್ಲ.

ಮರುದಿನ ಅವಳೇ ಡನ್‌ಲಪ್ ಮೋಡಿಗೆ ಹೋದಳು. ಕೊಡುಗೆ ಮುಗಿದಿತ್ತು. ಬಳಸಿದ ಫೋನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರು. ಕರಿ ಫೋನು ಸದ್ಯ ಇಲ್ಲ, ಹದಿನೈದು ದಿನದಲ್ಲಿ ಬರುತ್ತದೆ ಎಂದರು. ಅವಳು ಒಂದಕ್ಕೆ ತನ್ನ ಹೆಸರು ಬರೆಸಿ ಬಂದಳು. ಮನೆಯಲ್ಲಿ ಯಾರಿಗೂ ತಿಳಿಸಲಿಲ್ಲ. ತಿಳಿಸಿದರೆ ಮತ್ತೆ ಹಲಗೆಯ ಮುಂದೆ ಕೂರಬೇಕಾಗುತ್ತಿತ್ತು.

ಅವಳು ದಕ್ಷಿಣೇಶ್ವರದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಮನೆಗೆ ಬರುವುದು ಐದರ ಮೇಲೆ. ಅಲ್ಲಿಯವರೆಗೆ ಮಿಹಿರನ ಜೊತೆ ಇರುವವಳು ಅಜ್ಜಿ ಒಬ್ಬಳೇ. ಅಜ್ಜಿಗೆ ಅಂಕೆ ಓದಲು ಬರುತ್ತಿತ್ತು. ಅನಸೂಯ ಅವಳನ್ನು ಕೂರಿಸಿಕೊಂಡು ಹೇಳಿಕೊಟ್ಟಳು.

"ಅತ್ತೀ, ಫೋನಿನ ಮ್ಯಾಲೆ ದೊಡ್ಡದಾಗಿ ಅಂಕಿ ಕಾಣ್ತೈತಿ ನೋಡ್ರಿ. ಎಂಬತ್ತಕ್ಕಿಂತ ಕಡಿಮಿ ಇದ್ರ ಗ್ಲೂಕೋಸ್ ಕೊಡಬೇಕು. ನೂರರ ಮ್ಯಾಲಿದ್ರ ಚಿಂತಿ ಇಲ್ಲ."

"ಎಂಬತ್ತು. ತಿಳೀತು."

"ಮರೀಬ್ಯಾಡ್ರಿ."

"ನಾ ಹಾಲಿನ ಲೆಕ್ಕಾ ನಲವತ್ತು ವರ್ಷ ಇಟ್ಟಾಕಿ. ಎಂಬತ್ತು ಮರಿತೀನೇನು?"

ನವೆಂಬರಿನ ಮೂರನೆಯ ವಾರ ಮಿಹಿರನಿಗೆ ಪರೀಕ್ಷೆ. ಹನ್ನೆರಡಕ್ಕೇ ಬಿಟ್ಟರು. ಬಂದು ಅನ್ನ, ಬೇಳೆ, ಕರಿದ ಬದನೆಕಾಯಿ ಉಂಡ. ಉಣ್ಣುವ ಮುಂಚೆ ಇನ್ಸುಲಿನ್ ತೆಗೆದುಕೊಂಡಿದ್ದ. ಆಮೇಲೆ ಓಣಿಯ ಮೈದಾನಕ್ಕೆ ಹೋಗಿ ಬಿಸಿಲಲ್ಲಿ ಕ್ರಿಕೆಟ್ ಆಡಿದ. ಆಡಿದರೆ ಸಕ್ಕರೆ ಬೇಗ ಇಳಿಯುತ್ತದೆ. ಅದು ಅವನಿಗೆ ಗೊತ್ತಿತ್ತು, ಫೋನು ಜೇಬಿನಲ್ಲೇ ಇತ್ತು. ಹಿಂದಿನ ದಿನ ಫೋನು ತನ್ನಷ್ಟಕ್ಕೆ ಹೊಸ ಸಾಫ್ಟ್‌ವೇರ್ ಇಳಿಸಿಕೊಂಡಿತ್ತು. ನಾಲ್ಕು ಪುಟದ ಒಳಗಿನ ಗುಂಡಿ ಮತ್ತೆ ಮೊದಲಿನಂತಾಗಿತ್ತು. ಅದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮೂರಕ್ಕೆ ಮನೆಗೆ ಬಂದವನು ಶೂ ಬಿಚ್ಚದೆ ಹಾಸಿಗೆಯ ಮೇಲೆ ಬಿದ್ದುಕೊಂಡ.

"ಏನರೆ ತಿಂತೀಯೇನೋ?"

"ಬೇಡ ಅಜ್ಜಿ. ನಿದ್ದೆ."

ಅಜ್ಜಿ ಶೂ ಬಿಚ್ಚಿದಳು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಹಣೆ ಒದ್ದೆಯಾಗಿತ್ತು. ಅವಳಿಗೆ ಅನುಮಾನ ಬಂತು. ತಲೆದಿಂಬಿನ ಹತ್ತಿರದ ಫೋನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ನೂರಾ ಇಪ್ಪತ್ತಾರು ಎಂದಿತ್ತು. ಅಂಕೆಯ ಕೆಳಗೆ ಸಾಸಿವೆಯಷ್ಟು ಸಣ್ಣದಾಗಿ ಅಳೆದ ಹೊತ್ತೂ ಇತ್ತು, ಮಧ್ಯಾಹ್ನ ಒಂದು ಇಪ್ಪತ್ತು, ಆ್ಯಪ್ ನಿಂತುಹೋದ ಹೊತ್ತು. ಅದನ್ನು ನೋಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆಡಿ ದಣಿದಾನ ಎಂದುಕೊಂಡಳು. ಸೆರಗಿನಿಂದ ಹಣೆ ಒರೆಸಿ ಫ್ಯಾನು ಜೋರು ಮಾಡಿದಳು. ನಾಲ್ಕೂವರೆಗೆ ಮತ್ತೆ ನೋಡಿದಳು. ನೂರಾ ಇಪ್ಪತ್ತಾರು. ಸಂಜೆಗೆ ಮೆಂತೆಸೊಪ್ಪು ಸೋಸಲು ಕೂತಳು.

ಐದೂವರೆಗೆ ಅನಸೂಯ ಬಂದಳು. ಕೋಣೆಯೊಳಗೆ ಹೋದವಳು ಒಮ್ಮೆ ಮಗನ ಹೆಸರು ಕೂಗಿದಳು, ಆಮೇಲೆ ಕೂಗುತ್ತಲೇ ಇದ್ದಳು. ಮಿಹಿರನ ಹಲ್ಲು ಕಚ್ಚಿಕೊಂಡಿತ್ತು, ಬಲಗೈ ಸೆಟೆದು ಹಾಸಿಗೆಗೆ ಬಡಿಯುತ್ತಿತ್ತು. ಬೆರಳು ಚುಚ್ಚಿದರೆ ಇಪ್ಪತ್ತೆರಡು ತೋರಿಸಿತು. ಅವಳು ಕೆನ್ನೆಯೊಳಗೆ ಸಕ್ಕರೆ ನೀರು ಸವರಿದಳು. ಪಕ್ಕದ ಮನೆಯ ಕಾಕು ಟ್ಯಾಕ್ಸಿ ತಂದರು. ಟ್ಯಾಕ್ಸಿಯಲ್ಲಿ ಅಜ್ಜಿ ಮೊಮ್ಮಗನ ಕಾಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಒಂದೇ ಮಾತು ಹೇಳುತ್ತಿದ್ದಳು.

"ನಾ ನೋಡಿದ್ನೆವ್ವಾ. ಎರಡು ಸಲ ನೋಡೇನಿ. ನೂರಾ ಇಪ್ಪತ್ತಾರು ಇತ್ತು."

"ಸುಮ್ನಿರ್ರಿ ಅತ್ತೀ."

"ಎಂಬತ್ತಕ್ಕಿಂತ ಕಡಿಮಿ ಇರಲಿಲ್ಲವಾ."

"ಸುಮ್ನಿರ್ರಿ ಅಂದೆ!"

ಆಸ್ಪತ್ರೆಯಲ್ಲಿ ಸಕ್ಕರೆ ಏರಿಸಿದರು. ಸಕ್ಕರೆ ಏರಿತು, ಮಿಹಿರ್ ಎಚ್ಚರಗೊಳ್ಳಲಿಲ್ಲ. ತುಂಬ ಹೊತ್ತು ಮೆದುಳಿಗೆ ಸಕ್ಕರೆ ಸಿಕ್ಕಿಲ್ಲ, ಅದರಲ್ಲಿ ಎಷ್ಟು ಉಳಿದಿದೆಯೋ ಈಗಲೇ ಹೇಳಲಾಗದು ಎಂದು ವೈದ್ಯೆ ಹೇಳಿದಳು. ತೀವ್ರ ನಿಗಾ ಘಟಕದ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಶಂಕರಲಿಂಗ ಸಂಸ್ಥೆಯ ಗುರುತಿನ ಚೀಟಿ ಕೊರಳಲ್ಲಿ ಹಾಗೇ ನೇತಾಡಿಸಿಕೊಂಡು ಬಂದಿದ್ದ. ಅಪೂರ್ವ ಯಾರದೋ ಮದುವೆ ಮನೆಯಿಂದ ಅರ್ಧಕ್ಕೆ ಎದ್ದು ಬಂದಿದ್ದಳು. ಬೆನ್ನ ಮೇಲೆ ಟ್ರೈಪಾಡ್ ಇತ್ತು.

ಮೂರನೆಯ ದಿನ ಶಂಕರಲಿಂಗ ಬಾಯಿಬಿಟ್ಟ.

"ಸೆನ್ಸರ್ ಸಾಲಿಗೆ ತೂಕ ಜಾಸ್ತಿ ಇಡಬೇಕಿತ್ತು. ಎರಡು ಪಟ್ಟು ಇಟ್ಟಿದ್ರೂ ಕರಿದೇ ಬರ್ತಿತ್ತು. ನಿನ್ನೆ ಲೆಕ್ಕಾ ಹಾಕಿ ನೋಡಿದೆ."

ಅನಸೂಯ ತಿರುಗಿ ನೋಡಿದಳು. "ಇಲ್ಲಿ ಕುಂತು ಹಾಕಿದ್ರೇನು?"

"ತಪ್ಪು ಎಲ್ಲಿ ಆತು ಅಂತ ತಿಳೀಬೇಕಲ್ಲ."

"ನಾ ಅವತ್ತೇ ಹೇಳಿದ್ದೆ ಎಲ್ಲಿ ಅಂತ. ಉಪ್ಪಿಟ್ಟು ಆರೂದರೊಳಗ ಹೇಳಿದ್ದೆ."

"ನಿನ್ನ ಅಂಕಾನೂ ಎಲ್ಲಾರಂಗ ಲೆಕ್ಕಕ್ಕ ತಗೊಂಡಿದ್ದೆ, ಅನಸೂಯಾ. ಅನ್ಯಾಯ ಮಾಡಿಲ್ಲ."

"ಇಲ್ಲ. ನ್ಯಾಯ ಮಾಡೀರಿ. ಹೋಗ್ರಿ, ಒಳಗ ಮಲಗ್ಯಾನ, ಅವಗ ಹೇಳಿ ಬರ್ರಿ."

ಅಪೂರ್ವ ಗೋಡೆಗೆ ಆತು ನಿಂತಿದ್ದಳು. "ಅಮ್ಮಾ, ನಾನೂ ಒಂಬತ್ತು ಕೊಟ್ಟಿದ್ದೆ."

"ಕೊಟ್ಟಿದ್ದಿ. ಅವನೂ ಕೊಟ್ಟ. ಅವ ಹುಡುಗ, ನೀ ಹುಡುಗಿ." ಅನಸೂಯಳ ದನಿ ಗಟ್ಟಿಯಾಗೇ ಇತ್ತು. "ನಾ ದೊಡ್ಡಾಕಿ. ಆ ಹಲಗಿ ಕಿತ್ತು ಬೀದಿಗೆ ಒಗೀಬೇಕಾದಾಕಿ ಹೋಗಿ ಅಂಕಾ ಹಾಕಿ ಬಂದೆ. ಗ್ಲಾಸ್ ಒಡದೆ. ಅಷ್ಟೇ ಮಾಡಿದ್ದು ನಾ."

ಅಪೂರ್ವ ತಾಯಿಯ ಭುಜ ಮುಟ್ಟಲು ಬಂದಳು. ಅನಸೂಯ ಭುಜ ಸರಿಸಿಕೊಂಡಳು. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಡನ್‌ಲಪ್ ಮೋಡಿನ ಅಂಗಡಿಯವನು. ಕರಿ ಫೋನು ಬಂದಿದೆ, ದೀದಿ, ಸಂಜೆಯೊಳಗೆ ತೆಗೆದುಕೊಂಡು ಹೋಗಿ ಎಂದ. ಅವಳು ಸರಿ ಎಂದು ಇಟ್ಟಳು. ಯಾರು ಎಂದು ಶಂಕರಲಿಂಗ ಕೇಳಿದ. ಅವಳು ಫೋನನ್ನು ಚೀಲದೊಳಗೆ ಹಾಕಿಕೊಂಡಳು.

ಮಿಹಿರ್ ಡಿಸೆಂಬರಿನಲ್ಲಿ ಕಣ್ಣು ಬಿಟ್ಟ. ಜನವರಿಯ ಕೊನೆಗೆ ಮನೆಗೆ ಬಂದ. ಗೋಡೆ ಹಿಡಿದು ನಡೆಯುತ್ತಾನೆ. ಹಸಿವಾದರೆ ಹೇಳುತ್ತಾನೆ. ಬಲಗೈಗೆ ಹಿಡಿತವಿಲ್ಲ, ತುತ್ತು ಬಾಯಿಗೆ ಹೋಗುವ ಮುಂಚೆ ಅನ್ನ ಮಡಿಲಿಗೆ ಬೀಳುತ್ತದೆ, ಹಾಗಾಗಿ ಅನಸೂಯ ತಿನ್ನಿಸುತ್ತಾಳೆ. ಮೊದಲ ವಾರ ಅಜ್ಜಿ ತಿನ್ನಿಸಲು ಬಂದಾಗ ಅನಸೂಯ ತಟ್ಟೆ ಕಸಿದುಕೊಂಡಳು. ಮರುದಿನ ಅಜ್ಜಿ ಸೀರೆ ಮಡಚಿ ಚೀಲಕ್ಕೆ ಹಾಕಿದಳು.

"ಎಲ್ಲಿಗವ್ವಾ?" ಶಂಕರಲಿಂಗ ಕೇಳಿದ.

"ನಿನ್ನ ತಂಗಿ ಕಡೆ. ಹುಬ್ಬಳ್ಳಿಗೆ. ರೈಲಿಗೆ ಕೂಡ್ರಿಸು."

"ಯಾರರ ಏನರೆ ಅಂದ್ರೇನು?"

"ಯಾರೂ ಏನೂ ಅಂದಿಲ್ಲ. ಅದಕ್ಕ ಹೊಂಟೀನಿ."

ಹೌರಾ ನಿಲ್ದಾಣದಲ್ಲಿ ಶಂಕರಲಿಂಗ ತಾಯಿಗೆ ನೀರಿನ ಬಾಟಲಿ, ಬಾಳೆಹಣ್ಣು ಕೊಂಡುಕೊಟ್ಟ. ರೈಲು ಹೊರಡುವವರೆಗೂ ಅವಳು ಮಗನ ಮುಖ ನೋಡದೆ ಬಾಳೆಹಣ್ಣಿನ ಚೀಲದ ಗಂಟು ಬಿಚ್ಚಿ ಕಟ್ಟುತ್ತಿದ್ದಳು.

ಫೆಬ್ರವರಿಯಲ್ಲಿ ಅಪೂರ್ವ ಹಾಸ್ಟೆಲ್ ಸೇರಿದಳು. ವಿಡಿಯೊ ಕೆಲಸ ಬಿಟ್ಟಿದ್ದಳು. ಭಾನುವಾರ ಬರುತ್ತೇನೆ ಎಂದು ಹೇಳಿ ಹೋದಳು, ಎರಡು ಭಾನುವಾರ ಬಂದಳು. ಅನಸೂಯ ಶಾಲೆಯ ಕೆಲಸ ಬಿಟ್ಟಳು. ಗಂಡ ಹೆಂಡತಿ ಮಾತಾಡುವುದು ಔಷಧ, ಗ್ಯಾಸು, ಹಾಲು ಇಷ್ಟರ ಮೇಲೆ. ಶಂಕರಲಿಂಗ ಸಂಜೆ ಮಗನನ್ನು ಕೂರಿಸಿಕೊಂಡು ಬೆರಳು ಹಿಡಿದು ಎಣಿಸಲು ಕಲಿಸುತ್ತಾನೆ. ಹನ್ನೊಂದರವರೆಗೆ ಬರುತ್ತದೆ. ಅಲ್ಲಿಂದ ಮುಂದೆ ಮಿಹಿರ್ ಅಪ್ಪನ ಮುಖ ನೋಡುತ್ತಾನೆ.

ಹೋದದ್ದು: ಒಬ್ಬ ಹುಡುಗನ ಬಲಗೈ, ಅವನು ಕಲಿತಿದ್ದ ಓದು ಬರಹ, ಒಂದು ನೌಕರಿ, ಮನೆಯಿಂದ ಇಬ್ಬರು.